ಮಾತು ಕೇಳಿಸದ ಹಾಡುಗಳು

ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ದಿಲ್‌ಸುಖ್‌ನಗರದ ಲೇಡೀಸ್ ಹಾಸ್ಟೆಲಿನಲ್ಲಿದ್ದೆ. ಕಂಪನಿ ಬಸ್ಸಿಗೆ ನಾರಾಯಣಗೂಡದಲ್ಲಿ ನಮ್ಮ ಟೀಮಿನವನೇ ಒಬ್ಬ ಹತ್ತುತ್ತಿದ್ದ. ಅವನ ಮನೆಯವರು ಮೂಲತಃ ರಾಯಚೂರಿನ ಕಡೆಯವರು. ನಾನು ಮೈಸೂರಿನವಳೆಂದು ಗೊತ್ತಾದ ಮೇಲೆ ಪಕ್ಕದಲ್ಲೇ ಕೂರತೊಡಗಿದ. ಒಂದು ಬೆಳಿಗ್ಗೆ ತನ್ನ ಸಿ.ಡಿ. ಪ್ಲೇಯರಿನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕೈಗಿಟ್ಟ.

ಅದೊಂದು ಬ್ರಿಟಿಷ್ ಬ್ಯಾಂಡ್. ಗಿಟಾರಿನ ಗದ್ದಲ, ಅದರೊಳಗೆ ಮುಳುಗಿಹೋದ ಎರಡು ದನಿಗಳು, ಒಂದು ಗಂಡಿನದು, ಒಂದು ಹೆಣ್ಣಿನದು. ವೇದಿಕೆಯ ಮೇಲೂ ಜನರ ಮುಖ ನೋಡದೆ ತಮ್ಮ ಬೂಟುಗಳನ್ನೇ ನೋಡುತ್ತ ನುಡಿಸುತ್ತಿದ್ದರಂತೆ. ಅವರ ದೇಶದ ಪತ್ರಿಕೆಗಳೇ ಗೇಲಿ ಮಾಡಿ, ಬ್ಯಾಂಡು ಒಡೆದು ಆಗಲೇ ವರ್ಷಗಳಾಗಿದ್ದವು. ಇಯರ್‌ಫೋನಿನಿಂದ ಹೊರಗೂ ಸೋರುತ್ತಿದ್ದ ಸದ್ದಿಗೆ ನಮ್ಮ ಹಿಂದಿನ ಸೀಟಿನವರು “ಮಿಕ್ಸಿ ಶುರುವಾಯ್ತು” ಎಂದು ನಗುತ್ತಿದ್ದರು.

“ಒಂದು ಮಾತೂ ಅರ್ಥ ಆಗ್ಲಿಲ್ಲ” ಎಂದೆ.

“ಯಾರಿಗೂ ಆಗಂಗಿಲ್ರಿ. ಅದಕ್ಕೇ ನನಗ ಭಾಳ ಸೇರ್ತೈತಿ.”

ಅವನ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯೂ ಸೋಲುತ್ತಿದೆ ಎಂಬುದು ಆಮೇಲೆ ತಿಳಿಯಿತು. ಅಮೆರಿಕದ ಕ್ಲೈಂಟು ಫೋನಿನಲ್ಲಿ ಕೇಳಿದ್ದಕ್ಕೆ ಅವನು ಇನ್ನೇನೋ ಉತ್ತರ ಕೊಡುತ್ತಿದ್ದ. ಕೆಲವು ವಾರ ನಾನು ಪಕ್ಕದಲ್ಲಿ ಕೂತು ಪ್ರಶ್ನೆಗಳನ್ನು ಬರೆದು ತೋರಿಸಿದೆ. ಮ್ಯಾನೇಜರ್ ಗಮನಿಸಿ ಅವನನ್ನು ಬೇರೆ ಕೆಲಸಕ್ಕೆ ಹಾಕಿದರು. ಅಲ್ಲಿಯೂ ಮೀಟಿಂಗುಗಳು ತಪ್ಪಲಿಲ್ಲ.

“ಎಲ್ಲಾರೂ ನಕ್ಕಾಗ ನಾನೂ ನಗತೀನ್ರಿ,” ಎಂದ ಒಂದು ಸಂಜೆ, ಕಿಟಕಿಯ ಕಡೆ ತಿರುಗಿ. “ಯಾತಕ್ಕ ನಕ್ಕೆ ಅಂತ ನನಗಽ ಗೊತ್ತಿರಂಗಿಲ್ಲ.”

ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟ. ನಾನು ಮದುವೆಯಾಗಿ ಕೂಕಟ್‌ಪಲ್ಲಿಯ ಫ್ಲಾಟಿಗೆ ಬಂದೆ.

ವರ್ಷಗಳ ನಂತರ ಆ ಬ್ಯಾಂಡು ಮತ್ತೆ ಒಟ್ಟುಗೂಡಿದೆ ಎಂದು ಓದಿದೆ. ಬಯ್ದಿದ್ದ ಪತ್ರಿಕೆಗಳೇ ಹೊಗಳಿದ್ದವು. ಅಡುಗೆಮನೆಯಲ್ಲಿ ನಿಂತು ಹಳೆಯ ಹಾಡುಗಳನ್ನೆಲ್ಲ ಮತ್ತೆ ಕೇಳಿದೆ. ಆಗ ಆ ಪತ್ರಿಕೆಗಳು ಅವರನ್ನು ಸೊಕ್ಕಿನವರು ಎಂದಿದ್ದವು. ನನಗೆ ಕೇಳಿಸಿದ್ದು ಬರೀ ಸಂಕೋಚ: ಹೇಳಲಾರದ್ದನ್ನು ಗದ್ದಲದ ಹಿಂದೆ ಬಚ್ಚಿಟ್ಟುಕೊಂಡವರ ಸಂಕೋಚ. ಹಳೆಯ ಸಹೋದ್ಯೋಗಿಯೊಬ್ಬರಿಂದ ವಿಳಾಸ ಪಡೆದು ಮರುದಿನವೇ ನಾರಾಯಣಗೂಡದ ಅವನ ಮನೆಗೆ ಹೋದೆ.

ಬಾಗಿಲು ತೆರೆದವರು ಅವನ ತಾಯಿ. ಅವನಿಗೆ ಈಗ ಏನೂ ಕೇಳಿಸುತ್ತಿರಲಿಲ್ಲ, ಕೂದಲು ನರೆತಿತ್ತು. ನನ್ನ ಫೋನಿನಲ್ಲಿ ಸುದ್ದಿ ಟೈಪ್ ಮಾಡಿ ತೋರಿಸಿದೆ. ಓದಿ ಜೋರಾಗಿ ನಕ್ಕ.

“ಈಗ ತಿಳೀತೇನ್ರಿ ಆ ಪೇಪರಿನವರಿಗೆ?” ಎಂದ. ದನಿ ಬೇಕಾದ್ದಕ್ಕಿಂತ ಎತ್ತರವಾಗಿತ್ತು. ಆಮೇಲೆ ಕಣ್ಣು ಮುಚ್ಚಿ, ತನಗೆ ಇಷ್ಟವಾದ ಹಾಡನ್ನು ಹೆಸರು ಹೇಳಿ ನೆನೆದ. “ಮೊದಲಿಗೆ ಡ್ರಮ್ ಒಂದಽ ಬರ್ತೈತಿ. ಭಾಳ ಹೊತ್ತು. ಆಮ್ಯಾಲ ಆಕಿ ಹಾಡಾಕ ಸುರು ಮಾಡ್ತಾಳ. ಹೌದಲ್ರಿ?”

ಹಿಂದಿನ ದಿನವಷ್ಟೇ ಕೇಳಿದ್ದೆ. ಆ ಹಾಡು ಗಿಟಾರಿನಿಂದ ಶುರುವಾಗುತ್ತದೆ, ಮೊದಲು ಹಾಡುವವನು ಗಂಡಸು. ಅವನು ಕಣ್ಣು ತೆರೆದಾಗ ‘ಹೌದು’ ಎಂದು ಟೈಪ್ ಮಾಡಿ ತೋರಿಸಿದೆ.

ಅವನು ಬೆರಳಿನಿಂದ ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತ ಕೂತ. ಎಲ್ಲೂ ಇಲ್ಲದ ಆ ಹಾಡು ಮುಗಿಯುವವರೆಗೆ ನಾನೂ ಪಕ್ಕದಲ್ಲಿ ಕೂತಿದ್ದೆ.

ಹೊರಟಾಗ ತಾಯಿ ಗೇಟಿನವರೆಗೆ ಬಂದರು. “ಹಾಡಿನ ಸುದ್ದಿ ಹೇಳಿ ಛಲೋ ಮಾಡಿದಿಯವ್ವಾ,” ಎಂದವರು ದನಿ ತಗ್ಗಿಸಿದರು, ಅವನಿಗೆ ಕೇಳಿಸೀತೇನೋ ಎಂಬಂತೆ. “ನನ್ನ ದನಿ ಅಂವಗ ನೆನಪೈತೋ ಇಲ್ಲೋ. ಕೇಳಾಕ ಹೆದರಿಕಿ ಆಗ್ತೈತಿ.”

ನಾನು ಅವರ ಕೈ ಹಿಡಿದುಕೊಂಡೆ.