ಅಜ್ಜಿಯ ಪಾದದ ಮೇಲೆ

ಮೊನ್ನೆ ಕಪಾಟಿನ ಮೂಲೆಯಲ್ಲಿ ಹರಳೆಣ್ಣೆಯ ಹಳೆಯ ಸೀಸೆ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಆ ಜಿಡ್ಡು ವಾಸನೆಗೆ ತೋಟದ ಕೂಲಿಯವರ ಲೈನ್ ಮನೆಯ ಅಜ್ಜಿ ನೆನಪಾದರು. ಜೊತೆಗೆ ಆ ಭಯವೂ…

ಆಗ ನಾವು ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿದ್ದೆವು. ನನ್ನ ಗಂಡ ಅಲ್ಲಿ ಲೆಕ್ಕ ಬರೆಯುವ ರೈಟರ್. ಮಗಳಿಗೆ ಎರಡೂವರೆ ವರ್ಷ. ಕಕ್ಕ ಬಂದರೆ ಹೇಳುತ್ತಿರಲಿಲ್ಲ. ಚಡ್ಡಿಯಲ್ಲೇ ಮಾಡಿಕೊಂಡು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದಳು. ಒಂದು ದಿನ ಮೂರನೇ ಸಲ ಚಡ್ಡಿ ಒಗೆಯಬೇಕಾಗಿ ಬಂದಾಗ ನನಗೆ ತಡೆಯಲಾಗಲಿಲ್ಲ. ತೊಡೆಯ ಮೇಲೆ ಐದು ಬೆರಳೂ ಮೂಡುವ ಹಾಗೆ ಹೊಡೆದೆ.

ಅಂದಿನಿಂದ ಮಗು ಕಕ್ಕ ಮಾಡುವುದನ್ನೇ ನಿಲ್ಲಿಸಿತು. ಒಂದು ದಿನ, ಎರಡು ದಿನ… ನಾಲ್ಕನೇ ದಿನಕ್ಕೆ ಹೊಟ್ಟೆ ಕಲ್ಲಿನಂತಾಯಿತು. ಬಂದಾಗಲೆಲ್ಲ ಕಾಲು ಹೆಣೆದುಕೊಂಡು, ಬೆವರುತ್ತಾ ತಡೆದುಕೊಳ್ಳುತ್ತಿದ್ದಳು. ಡಾಕ್ಟರು ಕೊಟ್ಟ ಔಷಧಿಯನ್ನೂ ಉಗಿದಳು. ಏನಾದರೂ ಆದರೆ ಅದು ನನ್ನ ಕೈಯಿಂದಲೇ ಆದದ್ದು ಎಂಬ ಹೆದರಿಕೆಗೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ವಿಷಯ ತಿಳಿದು ಪಕ್ಕದ ಲೈನಿನ ಅಜ್ಜಿ ಬಂದರು. ವಯಸ್ಸಾಗಿ ತೋಟದ ಕೆಲಸ ಬಿಟ್ಟವರು. ಮಗುವಿನ ಹೊಟ್ಟೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು.

"ಕಾಯಿಲೆ ಏನಿಲ್ಲ ಕಣವ್ವ. ನಿನ್ನ ಕಂಡ್ರೆ ಹೆದರ್ಕೊಂಡೈತೆ. ನೀನು ಒಳಗಿರು."

ಹರಳೆಣ್ಣೆ ಬೆಚ್ಚಗೆ ಮಾಡಿ ಹೊಟ್ಟೆಗೆ ನೀವಿದರು. ಹಿತ್ತಲಲ್ಲಿ ಗೋಡೆಗೊರಗಿ, ಕಾಲು ನೀಡಿ ಕೂತು, ಮಗುವನ್ನು ತಮ್ಮ ಪಾದಗಳ ಮೇಲೆ ಎದುರುಮುಖವಾಗಿ ಕೂರಿಸಿಕೊಂಡರು. ಎರಡೂ ಕೈ ಹಿಡಿದು "ಉಸ್ಸ್… ಉಸ್ಸ್…" ಎನ್ನತೊಡಗಿದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ.

ಕಾಫಿ ಗಿಡಗಳ ನಡುವೆ ಕೊಂಬೆ ಮುರಿದ ಸದ್ದಾಯಿತು. ಮಗುವಿನ ಬೆನ್ನ ಹಿಂದೆ, ಇಪ್ಪತ್ತು ಮಾರು ದೂರದಲ್ಲಿ, ಒಂಟಿ ಸಲಗ! ನಾನು ಕಿಟಕಿಯ ಸರಳು ಹಿಡಿದು ನಿಂತುಬಿಟ್ಟೆ. ಅಜ್ಜಿಯೂ ಅದನ್ನು ಕಂಡರು. ಅವರ ಕಣ್ಣು ಆನೆಯ ಮೇಲಿತ್ತು, ಬಾಯಲ್ಲಿ ಮಾತ್ರ ಅದೇ "ಉಸ್ಸ್…". ಏಳಲಿಲ್ಲ, ಮಗುವಿನ ಕೈ ಬಿಡಲಿಲ್ಲ. ಆನೆ ಸೊಂಡಿಲೆತ್ತಿ ಗಾಳಿ ಮೂಸಿತು. ಎಷ್ಟು ಹೊತ್ತು ನಿಂತಿತ್ತೋ… ಕೊನೆಗೆ ತಿರುಗಿ ಹಳ್ಳದ ಕಡೆ ಇಳಿದುಹೋಯಿತು.

ನಾನು ಓಡಿದೆ. "ಅಮ್ಮಾ, ಕಕ್ಕ ಆಯ್ತು" ಎಂದು ಮಗಳು ನಕ್ಕಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಅಜ್ಜಿಗೆ ಕೈ ಕೊಟ್ಟೆ. ಅವರಿಗೆ ಏಳಲಾಗಲಿಲ್ಲ.

"ಎತ್ಕೊಂಡು ಓಡ್ಬಾರ್ದಿತ್ತಾ ಅಜ್ಜಿ?"

"ಎದ್ದಿದ್ರೆ ಮಗು ಕಿರುಚ್ಕೊಂಬುಡ್ತಿತ್ತು" ಎಂದರು. ಆಮೇಲೆ ತಲೆ ತಗ್ಗಿಸಿ, ಮೆಲ್ಲಗೆ, "ನನ್ ಸೀರೆನೂ ಒದ್ದೆ ಆಗ್ಬುಟ್ಟೈತೆ ಕಣವ್ವ. ನಂಗೂ ಹೊಡಿತೀಯಾ?" ಎಂದು ಕೇಳಿದರು.

ಅಲ್ಲೇ ಕುಸಿದು ಕೂತು ಅತ್ತೆ. ಅವರು ಬೇಡವೆಂದರೂ ಆ ಸೀರೆಯನ್ನು ನಾನೇ ಒಗೆದು ಹಾಕಿದೆ. ಮಗಳ ಮೇಲೆ ಮತ್ತೆಂದೂ ಕೈ ಎತ್ತಲಿಲ್ಲ.

ಮರುವರ್ಷ ನಾವು ಯಸಳೂರಿಗೆ ಬಂದೆವು. ಅಜ್ಜಿ ಆಲೂರಿನ ಕಡೆ ಮಗಳ ಮನೆ ಸೇರಿದರು. ಹೋಗಿ ನೋಡಬೇಕು, ನೋಡಬೇಕು ಎಂದುಕೊಳ್ಳುತ್ತಲೇ ಇದ್ದೆ… ಅವರು ತೀರಿಕೊಂಡು ತಿಂಗಳಾದ ಮೇಲೆ ಬಸ್ಸಿನಲ್ಲಿ ಸಿಕ್ಕ ಯಾರೋ ಸುದ್ದಿ ಹೇಳಿದರು.

ಮಗಳೀಗ ಮೂರನೇ ಕ್ಲಾಸು. ಅಜ್ಜಿಯ ಮಾತು ತೆಗೆದರೆ "ಯಾರಮ್ಮ ಅದು?" ಎನ್ನುತ್ತಾಳೆ. ಅಂದು ಅಲ್ಲಿದ್ದವರು ನಾವು ಮೂವರೇ. ಒಬ್ಬರು ಇಲ್ಲ, ಒಬ್ಬಳಿಗೆ ನೆನಪಿಲ್ಲ. ಈಗಲೂ ಒಮ್ಮೊಮ್ಮೆ ಕೊಂಬೆ ಮುರಿದ ಸದ್ದಿಗೆ ಎದೆ ಧಸಕ್ಕೆಂದಾಗ, ಅದು ಯಾಕೆಂದು ಹೇಳದೆಯೇ ತಿಳಿಯುವವರು ನನಗೆ ಯಾರೂ ಉಳಿದಿಲ್ಲ.