ಅಂಚಿನಲ್ಲಿ ನಿಂತ ಪಿಳ್ಳಕ್ಕ

ಪಿಳ್ಳಕ್ಕ ಕಾಲಿಟ್ಟಲ್ಲೆಲ್ಲ ಜನ ಒತ್ತಾಗಿ ಕೂರಬೇಕಾಗುತ್ತಿತ್ತು. ಅವರು ದಪ್ಪಗಿದ್ದರು ಎಂಬುದು ಅರ್ಧ ಕಾರಣ. ಉಳಿದರ್ಧ ಅವರ ಬಾಯಿ. ಹೊಸೂರು ರಸ್ತೆಯಲ್ಲಿ ಷೇರ್ ಆಟೊ ಹತ್ತಿದರೆ, ತಮಗೇ ನೆಟ್ಟಗೆ ಜಾಗವಿಲ್ಲದಿದ್ದರೂ ಕೆಳಗೆ ನಿಂತವರನ್ನು ಕೈಬೀಸಿ ಕರೆಯುತ್ತಿದ್ದರು. "ಸರ್ಕಳ್ರಪ್ಪ, ಇನ್ನೊಬ್ರು ಬತ್ತಾರೆ!" ಜಾಗ ಇಲ್ಲಮ್ಮಾ ಎಂದು ಡ್ರೈವರೇ ಗೋಗರೆದರೂ ಕೇಳುತ್ತಿರಲಿಲ್ಲ. "ಜಾಗ ಅನ್ನೋದು ಮಾಡ್ಕಂಡ್ರೆ ಇರ್ತದೆ ಕಣಪ್ಪ."

ಸಿಂಗಸಂದ್ರದಲ್ಲಿ ಅವರ ಮನೆಯ ಮೇಲಿನ ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ರಜೆ ಬಂದರೆ ಫೋಟೋ ಹುಚ್ಚು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ರೂಮು ಕಟ್ಟಿಸಿ, ಮಿಕ್ಕ ಉದ್ದನೆಯ ಪಟ್ಟಿಯಲ್ಲಿ ಅವರ ಸಂಸಾರ ವಾಸವಾಗಿತ್ತು. ನಾನು ಹೊಸದಾಗಿ ಮಿರರ್‌ಲೆಸ್ ಕ್ಯಾಮೆರಾ ತಂದಾಗ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಹಾಗೆಂದರೇನು ಎಂದು ಕೇಳಿದರು. ಒಳಗೆ ಕನ್ನಡಿ ಇಲ್ಲ ಎಂದೆ. "ಕನ್ನಡೀನೇ ಇಲ್ದಿದ್ರೆ ಮಕ ಎಂಗೆ ಕಾಣ್ತದೆ? ಮೋಸ ಓಗ್ಬುಟ್ಟೆ ಕಣವ್ವಾ!" ಎಂದು ನಿಜಕ್ಕೂ ಮರುಗಿದರು. ಅಂದಿನಿಂದ ನಾನು ಅವರಿಗೆ 'ಕ್ಯಾಮ್ರಾ ಹುಡುಗಿ'. ಸಾರು ಮಾಡಿದ ದಿನ ಕೆಳಗಿನಿಂದಲೇ "ಏ ಕ್ಯಾಮ್ರಾ!" ಎಂದು ಕೂಗುತ್ತಿದ್ದರು.

ಜಗತ್ತನ್ನೇ ಒಳಗೆ ಕರೆಯುವ ಇಂಥ ಹೆಂಗಸಿನ ಮನೆಗೆ ಅವರ ಸ್ವಂತ ತಮ್ಮ ಬರುತ್ತಿರಲಿಲ್ಲ. ಎರಡು ಬೀದಿ ಆಚೆಗೇ ಮನೆ. ಕಾರಣ ಒಂದು ಫೋಟೋ. ಹಿರಿಮಗಳ ಸೀಮಂತದಲ್ಲಿ ತೆಗೆಸಿದ ದೊಡ್ಡ ಗುಂಪಿನ ಚಿತ್ರವನ್ನು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಅದರಲ್ಲಿ ಸಾಲಿನ ತುದಿಗೆ ನಿಂತಿದ್ದ ತಮ್ಮನ ಹೆಂಡತಿ ನಾಗರತ್ನ ಮೊಣಕೈಯವರೆಗೆ ಮಾತ್ರ ಇದ್ದಳು, ಒಂದು ಕೈ, ನಾಲ್ಕು ಬಳೆ, ಸೆರಗಿನ ತುದಿ. ಹಬ್ಬಕ್ಕೆ ಬಂದವಳು ಅದನ್ನು ನೋಡಿ, "ನನ್ ಕೈ ಮಾತ್ರ ನಿಮ್ಗೆ ನೆಂಟ್ರು, ನಾನಲ್ಲ" ಎಂದು ಒಬ್ಬಟ್ಟನ್ನೂ ಮುಟ್ಟದೆ ಎದ್ದುಹೋದಳಂತೆ. ಪಿಳ್ಳಕ್ಕ ಅಂದೇ ಆ ಕಟ್ಟನ್ನು ಇಳಿಸಿ ಮಂಚದ ಕೆಳಗೆ ತಳ್ಳಿದರು. ಆದರೆ ಆಡಿದ ಮಾತು, ಮುನಿಸು, ಎರಡೂ ಹಾಗೇ ಉಳಿದವು.

ಕಿರಿಮಗಳ ನಿಶ್ಚಿತಾರ್ಥ ಗೊತ್ತಾಯಿತು. ಸೋದರಮಾವನಿಲ್ಲದೆ ಶಾಸ್ತ್ರವೆಲ್ಲಿ ನಡೆಯುತ್ತದೆ! ಪಿಳ್ಳಕ್ಕ ಅರಿಶಿನ ಕುಂಕುಮ ಹಿಡಿದು ತಾವೇ ತಮ್ಮನ ಮನೆಗೆ ಹೋದರು. ನಾಗರತ್ನ ಕುಂಕುಮ ಇಟ್ಟುಕೊಂಡು, "ಬತ್ತೀವಿ ಅತ್ಗೆಮ್ಮ, ಫೋಟೋಕ್ಕೆ ಮಾತ್ರ ಕರೀಬ್ಯಾಡಿ" ಎಂದಳಂತೆ. ವಾಪಸು ಬಂದವರೇ ನನ್ನ ರೂಮಿನ ಬಾಗಿಲಲ್ಲಿ ನಿಂತರು. "ಏ ಕ್ಯಾಮ್ರಾ, ಅವ್ಳು ಪೂರ್ತಿ ಬರ್ಬೇಕು. ಇಲ್ದಿದ್ರೆ ನನ್ ತವರು ಓದಂಗೇಯ."

ನನ್ನಲ್ಲಿದ್ದ ಲೆನ್ಸಿನಲ್ಲಿ ಆ ಪಟ್ಟಿಯಂಥ ನಡುಮನೆಯ ಮುಕ್ಕಾಲು ಜನವೂ ಹಿಡಿಸುತ್ತಿರಲಿಲ್ಲ. ಟೆರೇಸಿನ ಮೇಲೆ ತೆಗೆಯೋಣವೆಂದರೆ, ದೀಪ ಹಚ್ಚಿದ ದೇವರ ಮನೆಯ ಮುಂದೆಯೇ ಆಗಬೇಕೆಂಬ ಹಟ. ಹೇಗೂ ಹೆಚ್ಚು ಅಗಲ ಹಿಡಿಯುವ ವೈಡ್ ಆ್ಯಂಗಲ್ ಜೂಮ್ ಲೆನ್ಸೊಂದನ್ನು ಕೊಳ್ಳಬೇಕೆಂದು ನಾನೂ ತಿಂಗಳುಗಟ್ಟಲೆ ಚಡಪಡಿಸುತ್ತಿದ್ದೆ. ನನ್ನ ಜೇಬಿಗೆ ಎಟುಕುವಂಥವು ಎರಡೇ ಇದ್ದವು. ಒಂದು ಹತ್ತು ಮಿಲಿಮೀಟರಿನಿಂದ ಶುರುವಾಗುವಂಥದ್ದು: ಹಗುರ, ಅಗಲ, ಆದರೆ ಮಬ್ಬು ಬೆಳಕಿನಲ್ಲಿ ಮಂಕು. ಇನ್ನೊಂದು ಹನ್ನೆರಡರಿಂದ ಶುರು: ಅಗಲ ಕೊಂಚ ಕಡಿಮೆ, ಭಾರ, ಕ್ಯಾಮೆರಾಕ್ಕೆ ಕೂರಿಸಲು ನಡುವೆ ಅಡಾಪ್ಟರ್ ಎಂಬ ಬಳೆಯನ್ನು ಬೇರೆ ಸಿಕ್ಕಿಸಬೇಕು, ಆದರೆ ಕತ್ತಲಲ್ಲೂ ಬೆಳಕನ್ನು ಚೆನ್ನಾಗಿ ಹೀರುತ್ತದೆ. ನನ್ನ ಮನಸ್ಸು ಎರಡನೆಯದರ ಮೇಲಿತ್ತು.

ಅಂಗಡಿಗೆ ಪಿಳ್ಳಕ್ಕನೂ ಹೊರಟರು. ನೀವ್ಯಾಕೆ ಎಂದರೆ, "ಲೆನ್ಸು ನಿಂದು, ನೆಂಟ್ರು ನಂದು" ಎಂದರು. ಅಲ್ಲಿ ಮಾರಾಟದವನು ಎರಡರ ಗುಣವನ್ನೂ ಬಣ್ಣಿಸುತ್ತಿದ್ದರೆ ಅವರು ಆಕಳಿಸಿದರು. ಆಮೇಲೆ ಎದ್ದು, ಅಂಗಡಿಯಲ್ಲಿದ್ದವರನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸತೊಡಗಿದರು. "ನೀನು ನಮ್ ಯಜಮಾನ್ರು. ನೀವಿಬ್ರು ಬೀಗ್ರು, ವಸಿ ಗತ್ತಾಗಿ ನಿಂತ್ಕಳಿ. ಸರ್ಕಳ್ರಪ್ಪ, ಸರ್ಕಳಿ!" ಕೊನೆಯಲ್ಲಿ ಬಾಗಿಲು ಕಾಯುತ್ತಿದ್ದ ಗಿರಿಜಾ ಮೀಸೆಯ ಸೆಕ್ಯೂರಿಟಿಯವನನ್ನು ಎಳೆತಂದು ಸಾಲಿನ ತುದಿಗೆ ನಿಲ್ಲಿಸಿ, "ನೀನು ನಾಗರತ್ನ" ಎಂದರು. ಪಾಪ, ಅವನು ನಾಚಿಕೊಂಡ.

ಹನ್ನೆರಡರಲ್ಲಿ ತೆಗೆದೆ. ನಾಗರತ್ನನ ಅರ್ಧ ಮೀಸೆ ಹೋಗಿತ್ತು. ಹತ್ತರಲ್ಲಿ ತೆಗೆದೆ. ಮೀಸೆ, ಲಾಠಿ, ಪಕ್ಕದ ಕುರ್ಚಿ, ಎಲ್ಲ ಬಂದವು. "ಬಂದ್ಲು! ಇದೇ ಕಟ್ಕೊಡಪ್ಪ" ಎಂದುಬಿಟ್ಟರು.

"ಪಿಳ್ಳಕ್ಕ, ಇದರಲ್ಲಿ ಕತ್ತಲೆ ಬರುತ್ತೆ" ಎಂದು ನಾನು ಕೊನೆಯ ಪ್ರಯತ್ನ ಮಾಡಿದೆ.

"ಕತ್ಲಾದ್ರೆ ಲೈಟ್ ಆಕ್ಕಬೋದು. ಮನುಸ್ರು ಒರಗುಳುದ್ರೆ ಏನ್ ಆಕ್ಕಂತೀಯ?"

ಮಾರಾಟದವನು ಹತ್ತರದ್ದನ್ನೇ ಡಬ್ಬಿಗೆ ಹಾಕಿದ. ಬಿಲ್ಲು ಹರಿಯುತ್ತ ಮಾತ್ರ, "ಒಂದು ವಿಷ್ಯ ಅಮ್ಮಾ, ಇಷ್ಟು ಅಗಲ ಹಿಡಿದಾಗ ತುದೀಲಿ ನಿಂತೋರು ಸ್ವಲ್ಪ ದಪ್ಪ ಕಾಣ್ತಾರೆ" ಎಂದ. ನೋಡಿದರೆ ಹೌದು, ಕಡ್ಡಿಯಂತಿದ್ದ ಸೆಕ್ಯೂರಿಟಿಯವನು ಫೋಟೋದಲ್ಲಿ ಗುಂಡಗಾಗಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಪಿಳ್ಳಕ್ಕ ಯಾರಿಗೂ ಸರ್ಕಳಿ ಎನ್ನಲಿಲ್ಲ.

ನಿಶ್ಚಿತಾರ್ಥದ ದಿನ ತಮ್ಮ ಬಂದ, ನಾಗರತ್ನಳೂ ಬಂದಳು. ಶಾಸ್ತ್ರ ಮುಗಿದು ಫೋಟೋಕ್ಕೆ ಎಲ್ಲರೂ ನಿಂತಾಗ ಆಕೆ ಗಂಡನ ಬಲವಂತಕ್ಕೆ ಬಂದು ಬಾಗಿಲ ಪಕ್ಕ, ಕಟ್ಟಕಡೆಗೆ ನಿಂತಳು. ಹೇಗಿದ್ದರೂ ಬಿಟ್ಟುಹೋಗುತ್ತೇನೆ ಎಂಬ ಮುಖ. ನಾನು ಕ್ಯಾಮೆರಾದಲ್ಲಿ ಕಣ್ಣಿಟ್ಟೆ. ಪೂರ್ತಿ ಬಂದಿದ್ದಳು, ಆದರೆ ಎರಡರಷ್ಟಾಗಿ! ಕ್ಯಾಮೆರಾ ಇಳಿಸಿ ಪಿಳ್ಳಕ್ಕನ ಮುಖ ನೋಡಿದೆ.

ಅವರಿಗೆ ಅಷ್ಟೇ ಸಾಕಾಯಿತು. ಮಗಳ ಪಕ್ಕ ನಿಂತಿದ್ದವರು ಸೀರೆ ಎತ್ತಿ ಸಿಕ್ಕಿಸಿ, ಬೀಗರನ್ನೆಲ್ಲ ದಾಟಿ ಬಂದು ನಾಗರತ್ನಳ ರಟ್ಟೆ ಹಿಡಿದರು. "ನಡಿ, ಮದ್ಯಕ್ಕೆ ನಡಿ."

"ನಾನ್ಯಾಕೆ? ಎಣ್ಣಿನ್ ತಾಯಿ ನೀವು."

"ಈ ಲೆನ್ಸು ಅಂಚ್ನಾಗಿರೋರ್ನ ದಪ್ಪ ಮಾಡ್ತದಂತೆ ಕಣೇ. ಕೈ ಕತ್ತರ್ಸಿದ್ದಕ್ಕೇ ಇಷ್ಟು ವರ್ಸ ಮಾತ್ ಬುಟ್ಟೆ, ಇನ್ನು ದಪ್ಪ ಮಾಡುದ್ರೆ ನನ್ ಎಣಕ್ಕೂ ಬರಾಕಿಲ್ಲ ನೀನು. ನಾನ್ ನಿಂತ್ಕತೀನಿ ಇಲ್ಲಿ. ನನ್ ದಪ್ಪ ಊರ್ಗೇ ಗೊತ್ತು."

ಬೀಗರ ಕಡೆಯವರೂ ಸೇರಿ ಇಡೀ ಮನೆ ಗೊಳ್ಳೆಂದಿತು. ನಾಗರತ್ನ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದಂತೆ ನಡುವೆ ಹೋಗಿ ನಿಂತಳು. ಆಗಲೇ ಒತ್ತಿದೆ. ಚಿತ್ರ ಸ್ವಲ್ಪ ಮಂಕಾಗಿಯೇ ಬಂತು, ಕಾಳುಕಾಳಾಗಿಯೂ ಇತ್ತು. ಆದರೆ ಒಬ್ಬರೂ ಹೊರಗುಳಿದಿರಲಿಲ್ಲ. ತುದಿಯಲ್ಲಿ ಪಿಳ್ಳಕ್ಕ ಬಾಗಿಲಗಲ ಆಗಿದ್ದರು. ನೋಡಿ ತಾವೇ ಹೊಟ್ಟೆ ಹಿಡಿದು ನಕ್ಕರು. "ಕಡ್ಲೆಕಾಯ್ ಮೂಟೆ ನಿಲ್ಸಿದಂಗದೆ!" ಆ ಸಂಜೆ ನಾಗರತ್ನ ಒಬ್ಬಟ್ಟು ತಿಂದಿದ್ದಲ್ಲದೆ ಡಬ್ಬಿಗೂ ಹಾಕಿಸಿಕೊಂಡು ಹೋದಳು.

ಆಮೇಲೆ ನನಗೆ ಪೀಣ್ಯದ ಕಡೆ ಕೆಲಸವಾಗಿ ಮಾದನಾಯಕನಹಳ್ಳಿಗೆ ಬಂದೆ. ಊರಿನ ಒಂದು ತುದಿಯಿಂದ ಇನ್ನೊಂದು ತುದಿ, ಹೋಗಿಬರುವುದು ಕಡಿಮೆಯಾಯಿತು. ಪಿಳ್ಳಕ್ಕ ತೀರಿಕೊಂಡ ಸುದ್ದಿ ತಡವಾಗಿ ಮುಟ್ಟಿತು. ತಿಥಿಗೆ ಹೋದಾಗ ಅವರಿಲ್ಲದ ಮನೆಯಲ್ಲಿ ಎಲ್ಲಿ ಕೂತರೂ ಜಾಗ ಇತ್ತು, ಅದೇ ಸಂಕಟವಾಯಿತು. ಬಂದವರಿಗೆಲ್ಲ ಎಲೆ ಹಾಕಿಸುತ್ತ ಓಡಾಡುತ್ತಿದ್ದವಳು ನಾಗರತ್ನ. ನನ್ನನ್ನು ಪಕ್ಕಕ್ಕೆ ಕರೆದು, ಗೋಡೆಗೆ ಹಾಕಲು ಆ ಗುಂಪಿನ ಫೋಟೋದಿಂದ ಅತ್ತಿಗೆಯನ್ನು ಮಾತ್ರ ತೆಗೆದು ದೊಡ್ಡದು ಮಾಡಿಸಿಕೊಡಲು ಕೇಳಿದಳು.

"ಅದರಲ್ಲಿ ತುಂಬ ಅಗಲ ಆಗಿಬಿಟ್ಟಿದ್ದಾರೆ. ಕಂಪ್ಯೂಟರಿನಲ್ಲಿ ಸರಿ ಮಾಡಿ, ಅವರು ಹೇಗಿದ್ದರೋ ಹಾಗೆ ಕೊಡ್ತೀನಿ" ಎಂದೆ.

"ಬ್ಯಾಡ ಕಣವ್ವಾ, ಅಂಗೇ ಇರ್ಲಿ" ಎಂದಳು ನಾಗರತ್ನ. "ಆ ದಪ್ಪ ನಂದು. ನನ್ ಪಾಲಿಗ್ ಬಂದಿದ್ದನ್ನ ಅವರು ತಗಂಡ್ರು."