ಲಿಫ್ಟಿನ ಮುಂದೆ ಧರಣಿ

ಲಿಂಗಂಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸದವರು ಲಿಫ್ಟ್ ಹತ್ತುವಂತಿರಲಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಯಾದಗಿರಿಯ ಅಕ್ಕ ಮೊಣಕಾಲು ಹಿಡಿದುಕೊಂಡು ಐದು ಮಹಡಿ ಹತ್ತುತ್ತಿದ್ದಳು. ‘ಮನುಷ್ಯರೆಲ್ಲ ಒಂದೇ’ ಎಂಬ ಬೋರ್ಡು ಹಿಡಿದು ನಾನೊಬ್ಬನೇ ಧರಣಿ ಕೂತೆ. “ಇದು ಇಲ್ಲಿಯ ಪದ್ಧತಿ” ಎಂದ ಸೆಕ್ರೆಟರಿಯನ್ನು ಅವರದೇ ಮೂಗಿನ ದನಿಯಲ್ಲಿ ಅಣಕಿಸಿದೆ. ಸೇರಿದ್ದವರೆಲ್ಲ ನಕ್ಕರು, ನಾನು ಬೀಗಿದೆ. ನನಗೆ ಹೇಳಿಕೊಟ್ಟವಳು ಅಕ್ಕನೇ ಎಂದು ಮರುದಿನ ಎರಡು ಮನೆಯವರು ಅವಳನ್ನು ಕೆಲಸದಿಂದ ಬಿಡಿಸಿದರು.

“ಧರಣಿ ಸಾಕು ತಮ್ಮಾ. ಸೆಕ್ರೆಟರಿ ಕಡೆ ಹೋಗಿ ತಪ್ಪಾತ್ರಿ ಅನ್ನು. ಅವರ ದನಿಯಾಗ ಬ್ಯಾಡ, ನಿನ್ನ ದನಿಯಾಗ ಅನ್ನು,” ಎಂದಳು ಅಕ್ಕ.

ಹೋದೆ. ಕೈ ಮುಗಿದು, “ತಪ್ಪು ನನ್ನದು, ಅಕ್ಕನ ಕೆಲಸ ಉಳಿಸಿ” ಎಂದೆ.

ಸೆಕ್ರೆಟರಿ ನನ್ನನ್ನೇ ದಿಟ್ಟಿಸಿದರು. “ಈ ಸಲ ಯಾರ ನಕಲು ಇದು?” ಎಂದು ಕೇಳಿ ಬಾಗಿಲು ಹಾಕಿಕೊಂಡರು.